ರಜೆಯ ದಿನಗಳ ಕೈಗೆಲಸ: ಪುಟ್ಟ ಮಕ್ಕಳಿರುವ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ರಜೆ, ಬೇಸಿಗೆ ರಜೆ ಹತ್ತಿರವಾದಂತೆಲ್ಲ ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತಂದೆತಾಯಂದಿರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಅವೇ ಆಗಿರುತ್ತವೆ. ಪೋಷಕರ ಸಭೆ ಮುಗಿದ ಮೇಲಿನ ಮಾತುಕತೆಯಲ್ಲಿ, ಪತ್ರಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಮತ್ತೆ ಮತ್ತೆ ಬಂದವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಉತ್ತರಗಳು ಎರಡರಿಂದ ಎಂಟು ವರ್ಷದೊಳಗಿನ ಮಕ್ಕಳಿಗೆ ಸಂಬಂಧಿಸಿದವು. ಸಾಮಾನು ಮಗುವಿನ ಕೈಬಲಕ್ಕೆ ತಕ್ಕಂತಿರಬೇಕು, ಕೆಲಸವನ್ನು ಮಗುವೇ ಮಾಡಬೇಕು, ಅಂಗಡಿಗೆ ಹೋಗುವ ಮೊದಲು ಅಡುಗೆಮನೆಯನ್ನೂ ತೋಟವನ್ನೂ ಒಮ್ಮೆ ನೋಡಬೇಕು ಎಂಬುದು ಈ ಎಲ್ಲ ಉತ್ತರಗಳ ಹಿಂದಿರುವ ನನ್ನ ನಿಲುವು.

## ಆರಂಭಿಸುವವರಿಗೆ

ನಮ್ಮ ಪಾಪುಗೆ ಈಗಷ್ಟೇ ಎರಡು ವರ್ಷ ತುಂಬಿದೆ. ಇಷ್ಟು ಬೇಗ ಏನಾದರೂ ಮಾಡಿಸಬಹುದಾ ಟೀಚರ್?

ಧಾರಾಳವಾಗಿ ಮಾಡಿಸಬಹುದು, ಆದರೆ ಕೊನೆಯಲ್ಲಿ ಒಂದು ವಸ್ತು ಸಿದ್ಧವಾಗಬೇಕು ಎಂಬ ನಿರೀಕ್ಷೆಯನ್ನು ಬಿಡಬೇಕು. ಎರಡು ವರ್ಷದ ಮಗು ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳನ್ನು ಆಡಿಸುತ್ತ ಗೀಚುತ್ತದೆ. ಬೆರಳುಗಳಲ್ಲಿ ಹಿಡಿಯುವ ಹದ ಸಾಮಾನ್ಯವಾಗಿ ನಾಲ್ಕರಿಂದ ಐದು ವರ್ಷದ ಹೊತ್ತಿಗೆ ಬರುತ್ತದೆ. ಅಲ್ಲಿಯವರೆಗೆ ದಪ್ಪ ಕ್ರೇಯಾನು, ನೆಲಕ್ಕೆ ಅಂಟಿಸಿದ ದೊಡ್ಡ ಹಾಳೆ, ಹರಿಯಲು ಹಳೆಯ ದಿನಪತ್ರಿಕೆ, ನಾದಲು ಚಪಾತಿ ಹಿಟ್ಟು, ಅಂಗಳದ ಕಲ್ಲಿನ ಮೇಲೆ ಚಿತ್ರ ಬರೆಯಲು ಒಂದು ಚೊಂಬು ನೀರು ಮತ್ತು ಬ್ರಷ್ಷು ಸಾಕು. ಸುಮಾರು ಮೂರು ವರ್ಷಕ್ಕೆ ವೃತ್ತವನ್ನೂ ಐದರ ಹೊತ್ತಿಗೆ ತ್ರಿಕೋನವನ್ನೂ ನೋಡಿ ಬರೆಯುವುದು ಮಕ್ಕಳಿಗೆ ಬರುತ್ತದೆ. ಅದಕ್ಕೂ ಮೊದಲು ಕೈ ಹಿಡಿದು ತಿದ್ದಿಸುವ ಅಗತ್ಯವಿಲ್ಲ.

ರಜೆ ಶುರುವಾಗುವ ಮುಂಚೆ ಅಂಗಡಿಯಿಂದ ಏನೇನು ತಂದಿಟ್ಟುಕೊಳ್ಳಬೇಕು? ಒಂದು ಪಟ್ಟಿ ಕೊಡಿ.

ಪಟ್ಟಿ ಚಿಕ್ಕದಾದಷ್ಟೂ ಒಳ್ಳೆಯದು. ಮೊಂಡು ತುದಿಯ ಒಂದು ಒಳ್ಳೆಯ ಕತ್ತರಿ, ದಪ್ಪ ಕ್ರೇಯಾನು, ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಬಣ್ಣದ ಪೋಸ್ಟರ್ ಕಲರ್ ಸೀಸೆಗಳು, ಒಂದು ದಪ್ಪ ಮತ್ತೊಂದು ಮಧ್ಯಮ ಗಾತ್ರದ ಬ್ರಷ್ಷು, ಫೆವಿಕಾಲ್‌ನಂತಹ ನೀರಿನಲ್ಲಿ ತೊಳೆದುಹೋಗುವ ಬಿಳಿ ಅಂಟು, ಕಾಗದ. ಇಷ್ಟರಲ್ಲಿ ಇಡೀ ಬೇಸಿಗೆ ರಜೆ ಕಳೆಯುತ್ತದೆ. ಇಪ್ಪತ್ನಾಲ್ಕು ಬಣ್ಣದ ಪೆಟ್ಟಿಗೆಗಿಂತ ಐದು ಬಣ್ಣದ ಸೀಸೆಗಳು ಮೇಲು ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಹಳದಿಗೆ ನೀಲಿ ಬೆರೆತು ಹಸಿರಾಗುವುದನ್ನು ಮಗು ತನ್ನ ಕೈಯಿಂದಲೇ ಕಂಡುಕೊಳ್ಳಬೇಕು.

ಕಾಗದ ಕೊಳ್ಳುವಾಗ ಅದರ ತೂಕ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ (ಜಿಎಸ್‌ಎಂ) ಎಂದು ವಿಚಾರಿಸಿ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ 70–75 ಜಿಎಸ್‌ಎಂ ಹಾಳೆ ಮಡಚಲು, ಕತ್ತರಿಸಲು ಸರಿ, ಒದ್ದೆ ಬಣ್ಣ ಬಿದ್ದೊಡನೆ ಸುಕ್ಕುಗಟ್ಟುತ್ತದೆ. ಪೋಸ್ಟರ್ ಬಣ್ಣಕ್ಕೆ 120ರಿಂದ 150 ಜಿಎಸ್‌ಎಂನ ಡ್ರಾಯಿಂಗ್ ಹಾಳೆ ಬೇಕು. ಮದುವೆ ಆಮಂತ್ರಣದ ದಪ್ಪ ಕಾರ್ಡುಗಳನ್ನೂ ಹೊಸ ಅಂಗಿಯ ಒಳಗಿನ ರಟ್ಟನ್ನೂ ಎಸೆಯದೆ ಎತ್ತಿಡಿ.

ಕತ್ತರಿ ಯಾವ ವಯಸ್ಸಿಗೆ ಕೊಡಬೇಕು? ನಮ್ಮವನು ಎಡಚ, ಎಷ್ಟು ಕತ್ತರಿಸಿದರೂ ಕಾಗದ ಮಡಚಿಕೊಳ್ಳುತ್ತೆ.

ಮೂರು ವರ್ಷದ ಸುಮಾರಿಗೆ, ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ ಕೊಡಬಹುದು. ಮೊದಲು ಒಂದು ಬೆರಳಗಲದ ಕಾಗದದ ಪಟ್ಟಿಯನ್ನು ಒಂದೇ ಕಚ್ಚಿಗೆ ತುಂಡರಿಸಲಿ, ನಾಲ್ಕಕ್ಕೆ ನೇರ ಗೆರೆಯ ಮೇಲೆ, ಐದಾರಕ್ಕೆ ವೃತ್ತದ ಅಂಚಿನಲ್ಲಿ ಕತ್ತರಿಸುವುದು ಬರುತ್ತದೆ.

ಎಡಗೈ ಮಗುವಿನ ತೊಂದರೆ ಇರುವುದು ಕತ್ತರಿಯಲ್ಲಿ. ಸಾಮಾನ್ಯ ಕತ್ತರಿಯ ಅಲಗುಗಳನ್ನು ಬಲಗೈಯ ಹೆಬ್ಬೆರಳಿನ ಒತ್ತಡ ಒಂದಕ್ಕೊಂದು ಬಿಗಿಯಾಗಿ ಹೊಂದಿಸುತ್ತದೆ. ಎಡಗೈಯ ಒತ್ತಡ ಅವನ್ನು ದೂರ ಸರಿಸುವುದರಿಂದ ಕಾಗದ ನಡುವೆ ಸಿಕ್ಕಿ ಮಡಚಿಕೊಳ್ಳುತ್ತದೆ, ಮೇಲಿನ ಅಲಗು ಗೆರೆಯನ್ನೂ ಮರೆಮಾಡುತ್ತದೆ. ಎಡಗೈಯವರಿಗಾಗಿಯೇ ಅಲಗುಗಳನ್ನು ಅದಲುಬದಲು ಮಾಡಿದ ಕತ್ತರಿಗಳು ಸಿಗುತ್ತವೆ. ಸ್ಟೇಷನರಿ ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಕೇಳಿ. ಬಲಗೈಗೆ ಬದಲಾಯಿಸುವ ಪ್ರಯತ್ನವನ್ನು ದಯವಿಟ್ಟು ಮಾಡಬೇಡಿ.

ಡಬ್ಬದ ಮೇಲೆ ‘ನಾನ್ ಟಾಕ್ಸಿಕ್’ ಅಂತ ಇದ್ದರೆ ಸಾಕಲ್ವಾ ಮೇಡಂ?

ಸಾಲದು. ಆ ಮಾತಿನ ಅರ್ಥ ತಿನ್ನಬಹುದು ಎಂದಲ್ಲ, ಉಸಿರುಗಟ್ಟಿಸುವ ಚಿಕ್ಕ ಭಾಗಗಳಿಲ್ಲ ಎಂದೂ ಅಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತದಲ್ಲಿ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆಟಿಕೆಯಾಗಿ ಮಾರುವ ಕರಕುಶಲ ಪೆಟ್ಟಿಗೆಗಳಲ್ಲಿ ಅದನ್ನು ಹುಡುಕಿ ನೋಡಿ.

ಮೂರು ವರ್ಷದೊಳಗಿನ ಮಗು ಇರುವ ಮನೆಗೆ ಮಣಿ, ಗುಂಡಿ, ಪುಟ್ಟ ಅಲುಗಾಡುವ ಕಣ್ಣುಗಳು ಬೇಡ. ನೀರಿಗೆ ಹಾಕಿದರೆ ಉಬ್ಬುವ ಬಣ್ಣದ ಗೋಲಿಗಳು ನುಂಗಿದ ಮೇಲೆ ಕರುಳಿನಲ್ಲೂ ಉಬ್ಬಿ ದಾರಿ ಕಟ್ಟುತ್ತವೆ, ಅವು ಯಾವ ವಯಸ್ಸಿನ ಮಗುವಿರುವ ಮನೆಯಲ್ಲೂ ಇರಬಾರದು. ಮಿನುಗುವ ಶುಭಾಶಯ ಪತ್ರಗಳಲ್ಲಿರುವ ಬಿಲ್ಲೆಯಂತಹ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದೊಡನೆ ಕಾಯದೆ ಆಸ್ಪತ್ರೆಗೆ ಹೊರಡಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಗೇಟಿಗೆ ಬಳಿದು ಉಳಿದ ಹಳೆಯ ಎನಾಮಲ್ ಪೇಂಟನ್ನು ಮಕ್ಕಳ ಕೆಲಸಕ್ಕೆ ಬಳಸಬೇಡಿ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಅದಕ್ಕೂ ಹಿಂದಿನ ಡಬ್ಬಗಳಲ್ಲಿ ಸೀಸ ಹೆಚ್ಚಿರಬಹುದು.

## ಅಡುಗೆಮನೆಯಿಂದ, ತೋಟದಿಂದ

ಮೈದಾ ಅಂಟು ಮಾಡಿದರೆ ಗಂಟುಗಂಟಾಗುತ್ತೆ, ಎರಡು ದಿನಕ್ಕೆ ಹುಳಿ ವಾಸನೆ. ಸರಿಯಾದ ಕ್ರಮ ಯಾವುದು?

ಒಂದು ಬಟ್ಟಲು ಮೈದಾವನ್ನು ಮೊದಲು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುತ್ತಿರುವ ಮೂರು ಬಟ್ಟಲು ನೀರಿಗೆ ಸಣ್ಣ ಧಾರೆಯಾಗಿ ಸುರಿಯುತ್ತ ಕೈಬಿಡದೆ ತಿರುವಬೇಕು. ಬಿಳಿಯ ಬಣ್ಣ ಹೋಗಿ ಅಂಬಲಿಯ ಹದಕ್ಕೆ ಹೊಳಪು ಬಂದಾಗ ಇಳಿಸಿ. ಇದು ಹೊರಗೆ ಎರಡು ದಿನ, ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಹುಳಿ ಬಂದದ್ದನ್ನು ಚೆಲ್ಲಿ ಹೊಸದು ಮಾಡುವುದೇ ಸರಿ.

ಹಿಂದಿನ ಬುಕ್‌ಬೈಂಡರುಗಳು ಹುಳ ಹಿಡಿಯದಿರಲೆಂದು ಈ ಅಂಟಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಬೆರೆಸುತ್ತಿದ್ದರು. ಅಡಿಕೆ, ಕಾಫಿಯ ರೋಗಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ನಮ್ಮ ಕಡೆಯ ತೋಟದ ಮನೆಗಳಲ್ಲಿ ಮೈಲುತುತ್ತ ಇದ್ದೇ ಇರುವುದರಿಂದ ಇದನ್ನು ಹೇಳಲೇಬೇಕಾಗಿದೆ: ಅದು ವಿಷ, ಮಕ್ಕಳು ಮುಟ್ಟುವ ಯಾವ ಅಂಟಿಗೂ ಬೇಡ. ಅದರ ನೀಲಿ ಹರಳು ಚಿಕ್ಕ ಮಕ್ಕಳಿಗೆ ಬಹಳ ಆಕರ್ಷಕವಾಗಿ ಕಾಣುತ್ತದೆ, ಆದ್ದರಿಂದ ಬೀಗ ಹಾಕಿಡಿ.

ಮನೆಯಲ್ಲೇ ಬಣ್ಣ ಮಾಡಬಹುದು ಅಂತಾರೆ. ಅರಿಶಿನ ಬಿಟ್ಟರೆ ಬೇರೆ ಯಾವುದರಿಂದ ಮಾಡೋದು? ಆ ಬಣ್ಣ ನಿಲ್ಲುತ್ತಾ?

ಮಲೆನಾಡಿನ ಹಿತ್ತಲಲ್ಲಿ ಬಣ್ಣಕ್ಕೆ ಬರವಿಲ್ಲ. ಕಳಿತ ಬಸಳೆ ಹಣ್ಣನ್ನು ಹಿಂಡಿದರೆ ಗಾಢ ನೇರಳೆ ಶಾಯಿ ಸಿಗುತ್ತದೆ. ಬೀಟ್‌ರೂಟ್ ಗುಲಾಬಿಯನ್ನೂ ಗಟ್ಟಿ ಕಾಫಿ ಡಿಕಾಕ್ಷನ್ ಕಂದು ಬಣ್ಣವನ್ನೂ ಕೊಡುತ್ತವೆ. ಡಿಕಾಕ್ಷನ್ನನ್ನು ಒಂದು ಪದರ ಬಳಿದು, ಒಣಗಿಸಿ, ಮತ್ತೊಂದು ಪದರ ಬಳಿಯುತ್ತ ಹೋದರೆ ಒಂದೇ ಬಣ್ಣದಲ್ಲಿ ತಿಳಿಯಿಂದ ಗಾಢದವರೆಗೆ ಎಲ್ಲ ಛಾಯೆಗಳೂ ಬರುವುದರಿಂದ, ಗುಡ್ಡದ ಹಿಂದೆ ಗುಡ್ಡ ಬರೆಯಲು ಅದಕ್ಕಿಂತ ಒಳ್ಳೆಯ ಬಣ್ಣ ನಮ್ಮ ಮಕ್ಕಳಿಗೆ ಸಿಗಲಾರದು. ಇದ್ದಿಲನ್ನು ಅರೆದು ಮೈದಾ ಅಂಟಿನ ತಿಳಿಯಲ್ಲಿ ಕಲಸಿದರೆ ಕಪ್ಪು, ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ ಅದೇ ತಿಳಿಯಲ್ಲಿ ಕಲಸಿದರೆ ಇಟ್ಟಿಗೆ ಕೆಂಪು.

ಮಕ್ಕಳನ್ನು ಗಂಟೆಗಟ್ಟಲೆ ಹಿಡಿದಿಡುವುದು ಬಣ್ಣ ಬದಲಾಗುವ ಆಟ. ಅರಿಶಿನದ ನೀರು ಬಳಿದು ಒಣಗಿಸಿದ ಹಾಳೆಯ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಬ್ರಷ್ಷಾಡಿಸಿದರೆ ಅಲ್ಲಲ್ಲಿ ಕೆಂಗಂದು ಮೂಡುತ್ತದೆ. ಓಕುಳಿ ನೀರಿಗೆ ಸುಣ್ಣ ಹಾಕಿದಾಗ ಕೆಂಪಾಗುವುದೂ ಇದೇ ಕಾರಣಕ್ಕೆ. ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಪುಟ್ಟ ಮಕ್ಕಳಿಗೆ ಸೋಡಾವೇ ಸರಿ. ಶಂಖಪುಷ್ಪವನ್ನು ಬಿಸಿನೀರಿನಲ್ಲಿ ನೆನೆಸಿದ ನೀಲಿ ನೀರಿಗೆ ನಿಂಬೆರಸ ಹಿಂಡಿದರೆ ನೇರಳೆ ಮಿಶ್ರಿತ ಗುಲಾಬಿಯಾಗುತ್ತದೆ, ಸೋಡಾ ಹಾಕಿದರೆ ಹಸಿರಿನತ್ತ ತಿರುಗುತ್ತದೆ.

ನಿಲ್ಲುವ ವಿಚಾರಕ್ಕೆ ಬಂದರೆ, ಇದ್ದಿಲು ಮತ್ತು ಕೆಮ್ಮಣ್ಣು ಮಾತ್ರ ವರ್ಷಗಟ್ಟಲೆ ನಿಲ್ಲುತ್ತವೆ. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ, ಬಸಳೆ, ಬೀಟ್‌ರೂಟ್‌ಗಳೂ ಹಾಗೆಯೇ. ಉಳಿಸಿಕೊಳ್ಳಬೇಕೆನಿಸಿದ ಚಿತ್ರವನ್ನು ಕಿಟಕಿಯಿಂದ ದೂರ ತೂಗುಹಾಕಿ.

ಅಂಗಡಿ ಕ್ಲೇ ಒಂದೇ ದಿನಕ್ಕೆ ಗಟ್ಟಿಯಾಗುತ್ತೆ. ಹಿಟ್ಟಿನಿಂದ ಮಾಡೋದು ಹೇಗೆ? ಹೋದ ಸಲ ಮಾಡಿದ ಗೊಂಬೆಗಳು ಮಳೆಗಾಲಕ್ಕೆ ಮೆತ್ತಗಾಗಿಬಿಟ್ಟವು.

ಆಡಿ ಮತ್ತೆ ಮುದ್ದೆ ಮಾಡುವ ಹಿಟ್ಟು ಬೇರೆ, ಒಣಗಿಸಿ ಇಟ್ಟುಕೊಳ್ಳುವ ಹಿಟ್ಟು ಬೇರೆ. ಆಟದ ಹಿಟ್ಟಿಗೆ ಒಂದು ಬಟ್ಟಲು ಮೈದಾ, ಅರ್ಧ ಬಟ್ಟಲು ಪುಡಿ ಉಪ್ಪು, ಒಂದು ಬಟ್ಟಲು ನೀರು, ಒಂದು ದೊಡ್ಡ ಚಮಚ ಎಣ್ಣೆ, ಅರ್ಧ ನಿಂಬೆಯ ರಸ ಸೇರಿಸಿ, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ಮಗುಚಿ, ಆರಿದ ಮೇಲೆ ನಾದಿ. ಗಾಳಿಯಾಡದ ಡಬ್ಬದಲ್ಲಿ ಕೆಲವು ವಾರ ಮೃದುವಾಗಿಯೇ ಇರುತ್ತದೆ.

ಒಣಗಿಸಿಡುವ ಗೊಂಬೆಗೆ ಎರಡು ಪಾಲು ಮೈದಾ, ಒಂದು ಪಾಲು ಉಪ್ಪು, ಒಂದು ಪಾಲಿಗಿಂತ ತುಸು ಕಡಿಮೆ ನೀರು ಸಾಕು, ಕಾಯಿಸಬೇಕಿಲ್ಲ. ಅರ್ಧ ಸೆಂಟಿಮೀಟರಿಗಿಂತ ದಪ್ಪ ಮಾಡಬೇಡಿ. ಉಪ್ಪು ಗಾಳಿಯ ತೇವವನ್ನು ಹೀರುವುದರಿಂದ ಜೂನ್ ಬಂತೆಂದರೆ ಸಕಲೇಶಪುರ, ಕೊಪ್ಪ, ಶೃಂಗೇರಿಯಂತಹ ಕಡೆ ಇವು ಮೆತ್ತಗಾಗುವುದು ಸಹಜ. ಏಪ್ರಿಲ್ ಬಿಸಿಲಿನಲ್ಲಿ ಎರಡೂ ಬದಿ ಪೂರ್ತಿ ಒಣಗಿಸಿ, ಬಣ್ಣ ಬಳಿದು, ದೊಡ್ಡವರು ಎರಡು ಪದರ ವಾರ್ನಿಷ್ ಹೊಡೆದರೆ ಹೆಚ್ಚು ದಿನ ಉಳಿಯುತ್ತವೆ. ಮನೆಯಲ್ಲಿ ನಾಯಿ ಇದ್ದರೆ ಈ ಹಿಟ್ಟು ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಿ, ಅಷ್ಟು ಉಪ್ಪು ನಾಯಿಯ ಪ್ರಾಣಕ್ಕೇ ಕುತ್ತು ತರಬಲ್ಲದು.

ಅಜ್ಜಿ ಮನೆ ಮೂಡಿಗೆರೆ ಹತ್ತಿರ, ತೋಟದಲ್ಲೇ ಮಕ್ಕಳ ರಜೆ ಕಳೆಯುತ್ತೆ. ಅಲ್ಲಿ ಸಿಗುವುದರಲ್ಲೇ ಏನು ಮಾಡಿಸಬಹುದು? ಯಾವುದನ್ನು ಮುಟ್ಟಬಾರದು?

ಉದುರಿದ ಅಡಿಕೆ ಹಾಳೆಯಿಂದ ಶುರುಮಾಡಿ. ಒಣಗಿ ಸೆಟೆದುಕೊಂಡ ಹಾಳೆ ಬಾಗಿಸಿದರೆ ಸೀಳುತ್ತದೆ. ಅದನ್ನೇ ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಚರ್ಮದಂತೆ ಬಗ್ಗುತ್ತದೆ, ಆಗ ಮುಖವಾಡದ ಆಕಾರಕ್ಕೆ ಕತ್ತರಿಸಿ, ಕಣ್ಣಿನ ತೂತು ಮಾಡಿ, ಮಡಕೆಯ ಹೊಟ್ಟೆಯ ಮೇಲೆ ಕಟ್ಟಿ ಒಣಗಿಸಿದರೆ ಆ ಬಾಗು ಹಾಗೆಯೇ ನಿಲ್ಲುತ್ತದೆ. ಕತ್ತರಿಸುವುದು ದೊಡ್ಡವರ ಕೆಲಸ, ಕೆಮ್ಮಣ್ಣು ಮತ್ತು ಇದ್ದಿಲಿನಿಂದ ಮುಖ ಬರೆಯುವುದು ಮಕ್ಕಳದು. ಬೋರ್ಡೋ ಸಿಂಪಡಿಸಿದ ತೋಟದ ಹಾಳೆಯ ಮೇಲೆ ನೀಲಿಬಿಳಿ ಕಲೆ ಕಂಡರೆ ಚೆನ್ನಾಗಿ ಉಜ್ಜಿ ತೊಳೆಯದೆ ಮಕ್ಕಳ ಕೈಗೆ ಕೊಡಬೇಡಿ.

ಸಿಲ್ವರ್ ಓಕ್ ಎಲೆಯನ್ನು ಬೆಳ್ಳಿಬಣ್ಣದ ಹಿಂಬದಿ ಮೇಲಾಗಿ ಇಟ್ಟು ತೆಳು ಕಾಗದ ಹೊದಿಸಿ ಕ್ರೇಯಾನನ್ನು ಅಡ್ಡಲಾಗಿ ಉಜ್ಜಿದರೆ ನರಗಳೆಲ್ಲ ಕಾಗದಕ್ಕೆ ಇಳಿಯುತ್ತವೆ. ತೆಂಗಿನ ಗರಿಯ ಪೀಪಿ, ಗಿರಗಿಟ್ಲೆ, ಕೈಗಡಿಯಾರಗಳನ್ನು ಕಲಿಸಲು ಅಜ್ಜಿ ತಾತಂದಿರೇ ಇದ್ದಾರೆ. ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ಮನೆಗಳಲ್ಲಿ ಗರಿಗೂ ಕರಟಕ್ಕೂ ಕೊರತೆಯೇ ಇಲ್ಲ.

ಮುಟ್ಟಬಾರದವುಗಳಲ್ಲಿ ಮೊದಲನೆಯದು ಗುಲಗಂಜಿ. ಕೆಂಪು ಕಪ್ಪು ಬಣ್ಣದ ಅಂದಕ್ಕೆ ಮನಸೋತು ಅದನ್ನು ಚಿತ್ರಕ್ಕೆ ಅಂಟಿಸುವವರಿದ್ದಾರೆ, ಆದರೆ ಅಗಿದು ನುಂಗಿದ ಒಂದು ಕಾಳು ಕೂಡ ಮಗುವಿಗೆ ಪ್ರಾಣಾಪಾಯ ತರಬಲ್ಲದು. ಹರಳು ಬೀಜ, ಕಣಗಿಲೆ, ಉಮ್ಮತ್ತಿ ಕಾಯಿಯೂ ವಿಷ. ಕರಿಗೇರು, ಹೊಳೆಗೇರು ಜಾತಿಯ ಮರಗಳ ಸೊನೆ ತಾಗಿದರೆ ಮೈಮೇಲೆ ಬೊಬ್ಬೆ ಏಳುತ್ತದೆ. ಕಾಂಗ್ರೆಸ್ ಗಿಡದ ಹೂವು ಅಂದವಾಗಿದ್ದರೂ ಅಲರ್ಜಿಗೆ ಕಾರಣ. ಬೀಜ ಬೇಕೇ ಬೇಕೆಂದರೆ ಹುಣಿಸೆ ಬೀಜ ಬಳಸಿ, ಅದೂ ಮೂರು ವರ್ಷ ದಾಟಿದವರಿಗೆ ಮಾತ್ರ.

## ಹಬ್ಬದ ಕೆಲಸಗಳು

ಈ ವರ್ಷ ಮಕ್ಕಳ ಕೈಯಲ್ಲೇ ಗಣಪತಿ ಮಾಡಿಸಿ ಕೂರಿಸಬೇಕು ಅಂತ ಆಸೆ. ಸೊಂಡಿಲು ಬಿದ್ದುಹೋಗದ ಹಾಗೆ, ಬಿರುಕು ಬಿಡದ ಹಾಗೆ ಏನು ಮಾಡಬೇಕು?

ಕುಂಬಾರರಿಂದ ಹದ ಮಾಡಿದ ಜೇಡಿಮಣ್ಣು ತಂದರೆ ಅರ್ಧ ಕೆಲಸ ಮುಗಿದಂತೆ. ಅಂಗೈಗಿಂತ ತುಸು ಎತ್ತರದ ಮೂರ್ತಿ ಸಾಕು. ಸೊಂಡಿಲು, ಕಿವಿ, ಕೈಗಳನ್ನು ಒಣಗಿದ ಮೈಗೆ ಒತ್ತಿದರೆ ಬಿದ್ದೇ ಬೀಳುತ್ತವೆ. ಎರಡೂ ಕಡೆ ಮಣ್ಣು ಹಸಿಯಿರುವಾಗಲೇ ಸೇರುವ ಜಾಗಗಳಲ್ಲಿ ಕಡ್ಡಿಯಿಂದ ಅಡ್ಡಡ್ಡ ಗೀರಿ, ನೀರಾಗಿ ಕದಡಿದ ಮಣ್ಣನ್ನು ಸವರಿ, ಒತ್ತಿ ಹಿಡಿದು, ಬೆರಳಿನಿಂದ ಅಂಚನ್ನು ಮೈಗೆ ತೀಡಬೇಕು. ಬಿರುಕು ಬರುವುದು ಹೊರಮೈ ಒಳಗಿಗಿಂತ ಬೇಗ ಒಣಗುವುದರಿಂದ. ಮೊದಲೆರಡು ದಿನ ಒದ್ದೆ ಬಟ್ಟೆ ಹೊದಿಸಿ, ಆಮೇಲೆ ನೆರಳಿನಲ್ಲಿ ಆರಲು ಬಿಡಿ. ಭಾದ್ರಪದದಲ್ಲಿ ಮಲೆನಾಡಿನ ಗಾಳಿ ಇನ್ನೂ ತೇವವಾಗಿರುವುದರಿಂದ ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲೇ ಕೂರಬೇಕು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ. ನೀರಿನಲ್ಲಿ ಅದು ಮಣ್ಣಿನಂತೆ ಕರಗುವುದಿಲ್ಲ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯೂ ಅದನ್ನು ಒಪ್ಪುವುದಿಲ್ಲ. ಅದರಲ್ಲಿ ಮಗುವಿನ ಕೈಯಚ್ಚು ತೆಗೆಯುವ ಆಲೋಚನೆ ಇದ್ದರೆ ಅದನ್ನೂ ಬಿಡಿ, ದಪ್ಪವಾಗಿ ಗಟ್ಟಿಯಾಗುವಾಗ ಅದರ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿ ಚರ್ಮವನ್ನು ಸುಡಬಲ್ಲದು. ಕೈಯಚ್ಚಿಗೆ ಮೇಲೆ ಹೇಳಿದ, ಒಣಗಿಸಿಡುವ ಉಪ್ಪಿನ ಹಿಟ್ಟು ಸಾಕು.

ದಸರಾ ರಜೆಗೆ ಖರ್ಚಿಲ್ಲದ, ನಾಲ್ಕು ವರ್ಷದವಳೂ ಒಬ್ಬಳೇ ಮಾಡುವಂಥದ್ದು ಏನಾದರೂ ಇದೆಯಾ?

ಹಾಸನದ ಆಲೂಗಡ್ಡೆ ಇದೆಯಲ್ಲ. ಅಡ್ಡಕ್ಕೆ ಕೊಯ್ದು, ಕೊಯ್ದ ಮುಖವನ್ನು ಬಟ್ಟೆಯಿಂದ ಒತ್ತಿ ನೀರಿನಂಶ ತೆಗೆದು, ದೊಡ್ಡವರು ಹೂವಿನ ಅಥವಾ ಹಣತೆಯ ಆಕಾರವನ್ನು ಅರ್ಧ ಬೆರಳು ಆಳಕ್ಕೆ ಕೆತ್ತಿಕೊಡಿ. ತಟ್ಟೆಯಲ್ಲಿ ಮಡಚಿದ ಹಳೆಯ ಬಟ್ಟೆಗೆ ಪೋಸ್ಟರ್ ಬಣ್ಣ ಸುರಿದು ಅದರ ಮೇಲೆ ಒತ್ತಿ ಅಚ್ಚು ಹಾಕಿದರೆ ಬಣ್ಣ ಹೆಚ್ಚಾಗಿ ಹರಡುವುದಿಲ್ಲ. ಗೊಂಬೆ ಕೂರಿಸುವ ಮೆಟ್ಟಿಲಿಗೆ ಹಾಸುವ ಬಿಳಿ ಬಟ್ಟೆಯ ಅಂಚಿಗೆ ಮಗಳು ಹೀಗೆ ಅಚ್ಚು ಹಾಕಲಿ. ಅದೇ ಅಚ್ಚಿನ ಕೆಲಸ ಸಂಕ್ರಾಂತಿಯಲ್ಲಿ ಎಳ್ಳು ಬೀರುವ ಕಾಗದದ ಪೊಟ್ಟಣಗಳಿಗೂ ಒದಗುತ್ತದೆ.

ದೀಪಾವಳಿಗೆ ಆಕಾಶಬುಟ್ಟಿ, ಕ್ರಿಸ್ಮಸ್‌ಗೆ ಗೋದಲಿ ಮಾಡಬೇಕು. ಥರ್ಮಾಕೋಲ್ ಬಳಸಬಹುದಾ?

ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿತವಾಗಿದೆ. ಅದರ ಅಗತ್ಯವೂ ಇಲ್ಲ. ಆಕಾಶಬುಟ್ಟಿಗೆ ಬಿದಿರಿನ ಸೀಳು ಮತ್ತು ಗಾಳಿಪಟದ ಕಾಗದ, ಗೋದಲಿಗೆ ರಟ್ಟಿನ ಪೆಟ್ಟಿಗೆ, ಒಣಹುಲ್ಲು, ಕಲ್ಲಿನ ಮೇಲಿನ ಪಾಚಿಯ ಬದಲು ಹಸಿರು ಬಣ್ಣ ಹಾಕಿದ ಮರದ ಪುಡಿ ಸಾಕು. ಬಿದಿರನ್ನು ದೊಡ್ಡವರು ಮರಳುಕಾಗದದಿಂದ ಉಜ್ಜಿದ ನಂತರವೇ ಮಕ್ಕಳಿಗೆ ಕೊಡಿ, ಅದರ ಸಿಬಿರು ಬಹಳ ನೋಯಿಸುತ್ತದೆ. ಕಾಗದದ ಬುಟ್ಟಿಯೊಳಗೆ ಮೇಣದಬತ್ತಿ ಇಡದೆ ಎಲ್‌ಇಡಿ ಬಲ್ಬ್ ಹಾಕಿ. ಚಮಕಿ ಪುಡಿಯ ಬಹುಪಾಲು ಪ್ಲಾಸ್ಟಿಕ್ಕೇ ಆಗಿರುವುದರಿಂದ ಮಿಂಚಿಗೆ ಚಾಕೊಲೇಟಿನ ಹೊಳೆಯುವ ಕಾಗದವನ್ನು ಕತ್ತರಿಸಿ ಅಂಟಿಸಬಹುದು.

## ಇನ್ನೂ ಮುಂದಕ್ಕೆ ಹೋಗುವವರಿಗೆ

ಬೇಲೂರು, ಹಳೇಬೀಡು ತೋರಿಸಿಕೊಂಡು ಬಂದೆವು. ಮಕ್ಕಳು ಓಡಾಡಿದ್ದೇ ಬಂತು. ಮನೆಗೆ ಬಂದ ಮೇಲೆ ಅದರದ್ದೇ ಏನಾದರೂ ಮಾಡಿಸಬಹುದಾ?

ಖಂಡಿತ ಮಾಡಿಸಬಹುದು, ಓಡಾಡಿದ್ದೂ ವ್ಯರ್ಥವಾಗಿಲ್ಲ. ಮಕ್ಕಳು ಸುತ್ತು ಹಾಕಿದ ಆ ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆಯ) ಅಂಚು ನೇರವಾಗಿರದೆ ಮೂಲೆಮೂಲೆಯಾಗಿ ಒಳಹೊರಗೆ ಹೋಗುವುದನ್ನು ಅವರ ಕಾಲುಗಳು ಬಲ್ಲವು. ಹೊಯ್ಸಳರ ನಕ್ಷತ್ರಾಕಾರದ ತಳವಿನ್ಯಾಸ ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ತಿರುಗಿಸುವುದರಿಂದ ದೊರೆಯುತ್ತದೆ, ಇದನ್ನು ಆರೇಳು ವರ್ಷದ ಮಗು ಕಾಗದದ ಮೇಲೆ ಮಾಡಬಲ್ಲದು.

ತಟ್ಟೆ ಬೋರಲು ಹಾಕಿ ವೃತ್ತ ಬರೆದು ಕತ್ತರಿಸಿ, ಅದನ್ನು ನಾಲ್ಕು ಸಲ ಅರ್ಧರ್ಧ ಮಡಚಿ ಬಿಚ್ಚಿದರೆ ನಡುವಿನಿಂದ ಹೊರಡುವ ಹದಿನಾರು ಗೆರೆಗಳು ಸಿಗುತ್ತವೆ. ರಟ್ಟಿನ ಚೌಕವೊಂದರ ಎರಡು ಕರ್ಣಗಳು ಕೂಡುವಲ್ಲಿ ಗುಂಡುಸೂಜಿಯಿಂದ ವೃತ್ತದ ನಡುವಿಗೆ ಚುಚ್ಚಿ ಹಿಡಿಯಿರಿ. ಚೌಕದ ಒಂದು ಮೂಲೆಯನ್ನು ಮೊದಲ ಗೆರೆಗೆ ಹೊಂದಿಸಿ ಸುತ್ತ ಗೆರೆ ಎಳೆಯಲಿ. ಆಮೇಲೆ ಅದೇ ಮೂಲೆಯನ್ನು ಎರಡನೆಯ, ಮೂರನೆಯ, ನಾಲ್ಕನೆಯ ಗೆರೆಗೆ ತಿರುಗಿಸಿ ಮತ್ತೆ ಎಳೆಯಲಿ. ನಾಲ್ಕು ಚೌಕಗಳ ಹದಿನಾರು ಮೂಲೆಗಳು ಸೇರಿ ಹದಿನಾರು ಮೊನೆಯ ನಕ್ಷತ್ರವಾಗುತ್ತದೆ. ಹೊರಗಿನ ಅಂಚನ್ನಷ್ಟೇ ಬಣ್ಣದಲ್ಲಿ ತೀಡಿದರೆ ಗುಡಿಯ ತಳ ಕಣ್ಣಿಗೆ ಬೀಳುತ್ತದೆ. ಸೋಮನಾಥಪುರದ ಗರ್ಭಗುಡಿಗಳ ವಿನ್ಯಾಸ ಹದಿನಾರು ಮೊನೆಯದೇ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಒಟ್ಟಿಗೆ ಸೇರಿದವು. ಇಂತಹ ನಕ್ಷತ್ರಗಳನ್ನು ರಟ್ಟಿನಲ್ಲಿ ಕತ್ತರಿಸಿ ದೊಡ್ಡದರ ಮೇಲೆ ಚಿಕ್ಕದನ್ನು ಅಂಟಿಸುತ್ತ ಹೋದರೆ ಶಿಖರವೂ ಏಳುತ್ತದೆ.

ಕೆತ್ತನೆಯ ರುಚಿ ತೋರಿಸಬೇಕಾದರೆ ಒಂದು ಸೋಪು ಮತ್ತು ಐಸ್‌ಕ್ರೀಮಿನ ಮರದ ಕಡ್ಡಿ ಕೊಡಿ. ಬೇಲೂರಿನ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಕಾಲಕ್ರಮೇಣ ಗಟ್ಟಿಯಾಗುವಂಥದ್ದು, ಅಷ್ಟು ಸೂಕ್ಷ್ಮ ಕೆಲಸ ಸಾಧ್ಯವಾದದ್ದು ಅದರಿಂದಲೂ ಹೌದು. ಕೈಯಲ್ಲಿ ಸೋಪಿನ ಚೂರು ಉದುರುತ್ತಿರುವಾಗ ಈ ಮಾತು ಹೇಳಿದರೆ ಮಗು ಮರೆಯುವುದಿಲ್ಲ.

ಎಂಟು ವರ್ಷದವಳು ಗ್ಲೂ ಗನ್, ಫೆವಿಕ್ವಿಕ್ ಕೇಳುತ್ತಾಳೆ. ಕೊಡಲಾ?

ಎರಡನ್ನೂ ಕೊಡಬೇಡಿ. ಬಿಸಿ ಅಂಟಿನ ಹನಿ ಚರ್ಮಕ್ಕೆ ಕಚ್ಚಿಕೊಂಡು ಆಳವಾಗಿ ಸುಡುತ್ತದೆ. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು, ಟೂತ್‌ಪೇಸ್ಟ್ ಹಚ್ಚಬಾರದು. ಫೆವಿಕ್ವಿಕ್‌ನಿಂದ ಬೆರಳು ಅಂಟಿಕೊಂಡರೆ ಎಳೆಯದೆ ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ. ಕಣ್ಣಿಗೆ ಬಿದ್ದರೆ ನೇರ ಆಸ್ಪತ್ರೆಗೆ ಹೋಗಿ.

ಮಗ ಅರ್ಧಕ್ಕೆ ಬಿಟ್ಟು ಎದ್ದುಹೋಗ್ತಾನೆ. ಸ್ಕೂಲಿಗೆ ಕೊಡಬೇಕಾದ ಪ್ರಾಜೆಕ್ಟ್, ನಾನೇ ಮುಗಿಸಿಬಿಡಲಾ?

ಮುಗಿಸಬೇಡಿ. ಅಮ್ಮನ ಕೈಯ ಅಚ್ಚುಕಟ್ಟನ್ನು ಯಾವ ಶಿಕ್ಷಕಿಯಾದರೂ ದೂರದಿಂದಲೇ ಗುರುತಿಸುತ್ತಾರೆ. ಅದಕ್ಕಿಂತ ನೋವಿನ ವಿಷಯವೆಂದರೆ ತನ್ನ ಕೆಲಸ ಸಾಲದು ಎಂಬುದನ್ನು ಮಗುವೂ ಗುರುತಿಸುತ್ತದೆ. ನಾಲ್ಕು ವರ್ಷದ ಮಗು ಹತ್ತು ಹದಿನೈದು ನಿಮಿಷ ಕೂತರೆ ಅದೇ ದೊಡ್ಡದು. ಕೆಲಸವನ್ನು ಇಂದು ಕತ್ತರಿಸುವುದು, ನಾಳೆ ಅಂಟಿಸುವುದು, ನಾಡಿದ್ದು ಬಣ್ಣ ಎಂದು ಹಂಚಿ, ಅರ್ಧವಾದದ್ದನ್ನು ಮಗುವಿನ ಕಣ್ಣಿಗೆ ಬೀಳುವ ಕಡೆ ತಟ್ಟೆಯಲ್ಲಿ ಇಡಿ. ಕಿವಿ ದೊಡ್ಡದಾದ ಆನೆ, ಒಂದು ಕಾಲು ಕಡಿಮೆ ಇರುವ ಹಸು ಶಾಲೆಗೆ ಹಾಗೆಯೇ ಹೋಗಲಿ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಗದ, ಬ್ರಷ್ಷು, ಮಕ್ಕಳು ಮಾಡಿದ್ದೆಲ್ಲ ಬೂಷ್ಟು ಹಿಡಿದಿರುತ್ತೆ. ಹೇಗೆ ಇಡೋದು?

ಬ್ರಷ್ಷನ್ನು ತೊಳೆದು, ಕೂದಲನ್ನು ಬೆರಳಿನಿಂದ ಮೊನೆ ಮಾಡಿ, ಪೂರ್ತಿ ಒಣಗಿದ ಮೇಲಷ್ಟೇ ಡಬ್ಬಕ್ಕೆ ಹಾಕಿ. ಕಾಗದವನ್ನು ಸುರುಳಿ ಸುತ್ತದೆ ಚಪ್ಪಟೆಯಾಗಿ, ಬಿಗಿ ಮುಚ್ಚಳದ ಟ್ರಂಕಿನಲ್ಲಿ ಇಡಿ. ಹೊಸ ಬ್ಯಾಗು, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮಕ್ಕಳಿಗೆ ಸಿಗದಂತೆ ಟ್ರಂಕಿನ ಮುಚ್ಚಳದ ಒಳಬದಿಗೆ ಟೇಪಿನಿಂದ ಅಂಟಿಸಬಹುದು. ಹಿಟ್ಟಿನ ಗೊಂಬೆಗಳಿಗೂ ಮೈದಾ ಅಂಟಿನ ಕೆಲಸಗಳಿಗೂ ಒಲೆಯ ಮೇಲಿನ ಅಟ್ಟದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಗ್ಯಾಸ್ ಒಲೆಯ ಮನೆಯಾದರೆ ಫ್ರಿಜ್ಜಿನ ಹಿಂಬದಿಯ ಬೆಚ್ಚಗಿನ ಗೋಡೆಯ ಬಳಿ ಕಪಾಟು ಮಾಡಿಕೊಳ್ಳಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸದೆ, ಬಿಸಿಲು ಬಂದ ದಿನ ಹೊರಗಿಟ್ಟು ಒಣ ಬ್ರಷ್ಷಿನಿಂದ ಉದುರಿಸಿ. ಹಿಟ್ಟಿನ ಒಳಗೇ ಇಳಿದಿದ್ದರೆ ಅದರ ಫೋಟೊ ತೆಗೆದಿಟ್ಟು, ಮಗುವಿಗೆ ಹೇಳಿಯೇ ಗೊಬ್ಬರದ ಗುಂಡಿಗೆ ಹಾಕಿ.